ಕೋಮಾದಲ್ಲಿ ಧ್ವನಿಗ್ರಹಿಕೆ: ಭಾಷಾವಿಜ್ಞಾನದ ನೋಟ

ಕೋಮಾದಲ್ಲಿರುವ ರೋಗಿಗೆ ಒಂದೇ ಧ್ವನಿಯನ್ನು ಪುನಃ ಪುನಃ ಕೇಳಿಸುತ್ತ, ನಡುವೆ ವಿರಳವಾಗಿ ಭಿನ್ನ ಧ್ವನಿಯೊಂದನ್ನು ಸೇರಿಸಿದಾಗ, ಸುಮಾರು 100ರಿಂದ 250 ಮಿಲಿಸೆಕೆಂಡುಗಳೊಳಗೆ ಇಇಜಿಯಲ್ಲಿ ಋಣಾತ್ಮಕ ವಿಚಲನವೊಂದು ಕಾಣಬಹುದು. ಫಿನ್ಲೆಂಡಿನ ರಿಸ್ಟೊ ನ್ಯಾಟನೆನ್ ಮತ್ತು ಸಂಗಡಿಗರು 1978ರಲ್ಲಿ ವಿವರಿಸಿದ ಈ ಪ್ರತಿಕ್ರಿಯೆಗೆ ‘ಮಿಸ್‌ಮ್ಯಾಚ್ ನೆಗೆಟಿವಿಟಿ’ ಎಂದು ಹೆಸರು. ಇದಕ್ಕೆ ಕೇಳುಗರ ಅವಧಾನ ಅನಿವಾರ್ಯವಲ್ಲ. ಕೋಮಾದಲ್ಲಿ ಇದನ್ನು ಅಳೆಯಲು ಸಾಧ್ಯವಾಗುವುದು ಆ ಕಾರಣದಿಂದಲೇ. ಪ್ರತಿಕ್ರಿಯೆ ದೊರೆತರೆ ರೋಗಿ ಎಚ್ಚರಗೊಳ್ಳುವ ಸಂಭವ ಹೆಚ್ಚು. ದೊರೆಯದಿದ್ದರೆ ಅಷ್ಟರಿಂದಲೇ ಆಶೆ ತೊರೆಯುವಂತಿಲ್ಲ.

ಆದರೆ ಧ್ವನಿಭೇದದ ಗ್ರಹಿಕೆ ಭಾಷಾಗ್ರಹಿಕೆಯಲ್ಲ. ‘ಪ’ ಮತ್ತು ‘ಬ’ಗಳಿಗೆ ಭಿನ್ನ ಪ್ರತಿಕ್ರಿಯೆ ಕಂಡರೂ ಅದು ಧ್ವನಿಮಾಭೇದಕ್ಕೆ ಸಂದದ್ದೋ ಕೇವಲ ಭೌತಿಕ ವ್ಯತ್ಯಾಸಕ್ಕೆ ಸಂದದ್ದೋ ಎಂಬುದು ಪ್ರತ್ಯೇಕ ಪ್ರಶ್ನೆ. ಮೇಲಿನ ಸ್ತರಕ್ಕೆ ಬೇರೆ ಪರೀಕ್ಷೆ ಬೇಕು. ನಾಯ್ ಡಿಂಗ್ ಮತ್ತು ಸಹಲೇಖಕರ 2016ರ ಪ್ರಯೋಗದಲ್ಲಿ ಚೀನೀ ಉಚ್ಚಾರಾಂಶಗಳನ್ನು ಸೆಕೆಂಡಿಗೆ 4ರಂತೆ ಕೇಳಿಸಿದಾಗ, ಆ ಭಾಷೆ ಬಲ್ಲವರ ಮಿದುಳಿನಲ್ಲಿ ಪದಪುಂಜದ 2 ಹರ್ಟ್ಸ್ ಹಾಗೂ ವಾಕ್ಯದ 1 ಹರ್ಟ್ಸ್ ಲಯಗಳೂ ಮೂಡಿದವು. ಈ ಲಯಗಳು ಧ್ವನಿತರಂಗದಲ್ಲಿರಲಿಲ್ಲ; ಅವು ಕೇಳುಗರ ವ್ಯಾಕರಣಜ್ಞಾನದಿಂದ ಹುಟ್ಟಿದವು. ಪ್ರಜ್ಞಾವ್ಯತ್ಯಯವುಳ್ಳ ರೋಗಿಗಳಿಗೂ ಈ ವಿಧಾನವನ್ನು 2020ರ ಹೊತ್ತಿಗೆ ಅನ್ವಯಿಸಲಾಗಿದೆ.

‘ರೋಗಿಗೆ ಕೇಳಿಸುತ್ತಿದೆ’ ಎಂಬ ವೈದ್ಯರ ಮಾತನ್ನು ಬಂಧುಗಳು ‘ಅರ್ಥವಾಗುತ್ತಿದೆ’ ಎಂದೇ ಗ್ರಹಿಸುವುದು ಸಹಜ. ಯಾವ ಪರೀಕ್ಷೆ ಧ್ವನಿ, ಧ್ವನಿಮಾ, ವಾಕ್ಯಗಳಲ್ಲಿ ಯಾವ ಸ್ತರವನ್ನು ಅಳೆಯುತ್ತದೆ ಎಂಬುದನ್ನು ನಿಷ್ಕರ್ಷಿಸುವುದು ಭಾಷಾವಿಜ್ಞಾನಿಯ ಹೊಣೆ.