ದ್ರಾಕ್ಷಿ ಎಲೆಯಡಿಯ ಪುಟ್ಟ ಕಾಡು

ನಮ್ಮ ಮದ್ರಸದ ಒಬ್ಬಳು ಹುಡುಗಿ ಚಿತ್ರ ಬಿಡಿಸುವುದನ್ನೇ ಬಿಟ್ಟಿದ್ದಳು. ಶಾಲೆಯಲ್ಲಿ ಬಹುಮಾನ ಬಂದ ಚಿತ್ರ ನೋಡಿ ಮನೆಯಲ್ಲಿ ಯಾರೋ "ಚಿತ್ರ ಹರಾಮಲ್ವಾ?" ಅಂದರಂತೆ. ಬಣ್ಣದ ಡಬ್ಬಿ ಅಟ್ಟ ಸೇರಿತು. ವಿಷಯ ಗೊತ್ತಾದಾಗ ನಾವೂ ಸುಮ್ಮನಿದ್ದೆವು. ಅದು ನಮ್ಮ ತಪ್ಪು.

ಆಮೇಲೆ ಮಕ್ಕಳು, ಹೆತ್ತವರೊಂದಿಗೆ ವಿಜಯಪುರಕ್ಕೆ ಪ್ರವಾಸ ಹೋದೆವು. ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಕಲ್ಲಿನ ಜಾಲರಿಯೇ ಅರಬಿ ಅಕ್ಷರ. ಗೋಲಗುಂಬಜದೊಳಗೆ ತಲೆ ಎತ್ತಿದರೆ, ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಕಮಾನುಗಳು ಹೆಣೆದುಕೊಂಡು ಗುಮ್ಮಟವನ್ನು ಹೊತ್ತಿವೆ. ಗಣಿತವೇ ಅಲ್ಲಿ ಅಲಂಕಾರ.

ಅಲ್ಲಿಂದ ತಿಕೋಟಾ ಕಡೆ ಹೊರಟೆವು. ತಿಕೋಟಾ, ಬಬಲೇಶ್ವರ ಎಂದರೆ ದ್ರಾಕ್ಷಿ ಪಡಗಳ ಸೀಮೆ. ಪಡದ ರೈತರೊಬ್ಬರು ಎಲೆಯ ಅಡಿಭಾಗ ತೋರಿಸಿ, "ನೋಡ್ರಿ ಮೌಲಾನಾರ, ಹಿಟ್ಟು ಚೆಲ್ಲಿದಂಗ ಕಾಣತೈತಿ. ಇದು ಡೌನಿ ರೋಗರಿ, ವರ್ಷದ ಪೀಕು ತಿಂದ ಬಿಡತೈತಿ" ಅಂದರು. ಕೃಷಿ ಓದುತ್ತಿರುವ ಅವರ ಮಗನ ಬಳಿ ಕಾಗದದ ಸೂಕ್ಷ್ಮದರ್ಶಕ 'ಫೋಲ್ಡ್‌ಸ್ಕೋಪ್' ಇತ್ತು. ಭಾರತ ಮೂಲದ ವಿಜ್ಞಾನಿ ಮನು ಪ್ರಕಾಶ್ ತಂಡ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ್ದು. ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಅದರಲ್ಲಿ ಕಣ್ಣಿಟ್ಟರೆ ಹಿಟ್ಟೆಲ್ಲ ಕಾಡು! ಎಲೆಯ ಉಸಿರಾಟದ ರಂಧ್ರಗಳಿಂದ ಹೊರಬಂದ ಗಾಜಿನಂಥ ಪುಟ್ಟ ಮರಗಳು, ಕೊಂಬೆಯ ತುದಿಯಲ್ಲಿ ನಿಂಬೆಯಾಕಾರದ ಬೀಜಕಣಗಳು. ಹುಡುಗಿ ಮೆಲ್ಲಗೆ ಕೇಳಿದಳು: "ಉಸ್ತಾದ್, ಇದನ್ನು ಬಿಡಿಸಬಹುದಾ?"

ಬಿಡಿಸು ಎಂದೆವು. ಚಿತ್ರ ಬಿಡಿಸಿಯೇ ಬದುಕುವ ಒಬ್ಬರಿಗೆ ಇಬ್ನು ಅಬ್ಬಾಸ್ (ರ) ಅವರು, ಮರಗಳನ್ನೂ ರೂಹ್ ಇಲ್ಲದ ವಸ್ತುಗಳನ್ನೂ ಬಿಡಿಸಲು ಹೇಳಿದ್ದು ಹದೀಸ್‌ನಲ್ಲಿದೆ. ಈ ಮಾತನ್ನು ನಾವು ಮೊದಲೇ ಅವಳ ಮನೆಗೆ ಹೋಗಿ ಹೇಳಬೇಕಿತ್ತು.

ಇಂಥ ಚಿತ್ರ ಬರೀ ಅಂದಕ್ಕಲ್ಲ. ಗೋಲಗುಂಬಜದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ್ ತೀರಿಕೊಂಡದ್ದು 1656ರಲ್ಲಿ. ಒಂಬತ್ತು ವರ್ಷದ ನಂತರ, 1665ರಲ್ಲಿ, ಲಂಡನ್ನಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬಿಡಿಸಿ 'ಮೈಕ್ರೋಗ್ರಾಫಿಯಾ' ಪ್ರಕಟಿಸಿದರು. ಬೆಂಡಿನ ತುಂಡಿನಲ್ಲಿ ಕಂಡ ಕೋಣೆಗಳಿಗೆ ಅವರಿಟ್ಟ 'ಸೆಲ್' ಎಂಬ ಹೆಸರನ್ನೇ ನಮ್ಮ ಮಕ್ಕಳು ಇಂದೂ ಓದುತ್ತಾರೆ. ಬಿಡಿಸಲು ಕೂತವನ ಕಣ್ಣು ಸುಮ್ಮನೆ ನೋಡುವವನಿಗಿಂತ ಹೆಚ್ಚು ಕಾಣುತ್ತದೆ.

ಪಡದ ಬದುವಿನಲ್ಲಿ ಕೂತು ಹುಡುಗಿ ಪೆನ್ಸಿಲ್ ಹಿಡಿದಳು. ಪಕ್ಕದಲ್ಲಿ ಅವಳ ಉಮ್ಮ ಕಾಗದ ಗಾಳಿಗೆ ಹಾರದಂತೆ ಹಿಡಿದಿದ್ದರು. ಊರಿಗೆ ಬಂದ ಮೇಲೆ ಬಣ್ಣದ ಡಬ್ಬಿ ಅಟ್ಟದಿಂದ ಇಳಿಯಿತು.

ಹೆತ್ತವರೇ, ಮಕ್ಕಳ ಕೈಗೆ ಒಂದು ಭೂತಗನ್ನಡಿ ಕೊಡಿ. ಅಡುಗೆಮನೆಯ ಉಪ್ಪಿನ ಹರಳಿನ ಚೌಕ, ಅಂಗಳದ ಎಲೆಯ ನರ ನೋಡಲಿ. ನೋಡಿದ್ದನ್ನು ಬಿಡಿಸಲಿ.