ಕಡತಗಳ ಮರುಪ್ರತಿ: ಬ್ಯಾಕಪ್ ತಂತ್ರಾಂಶದ ಸ್ವರೂಪ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ‘ಪ್ರತಿ’ ಎಂಬ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ಮತ್ತು ‘ಹರಿವಂಶ’ಗಳು ನಮಗೆ ಇಂದು ಅನ್ಯರು ಉದ್ಧರಿಸಿದ ಕೆಲವು ಪದ್ಯಗಳಿಂದ ಮಾತ್ರ ಪರಿಚಿತವಾಗಿವೆ. ಪೊನ್ನನ ‘ಶಾಂತಿಪುರಾಣ’ವಾದರೋ ಉಳಿದು ಬಂದಿದೆ, ಅದರ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆಯು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯುಂಟು. ಇಂದಿನ ವಿದ್ವಾಂಸನ ಪರಿಶ್ರಮವೆಲ್ಲ, ಅಂದರೆ ಪ್ರಬಂಧದ ಕರಡು, ಕ್ಷೇತ್ರಕಾರ್ಯದ ಧ್ವನಿಮುದ್ರಿಕೆ, ಓಲೆಗರಿಗಳ ಛಾಯಾಪ್ರತಿ ಇವೆಲ್ಲವೂ, ಬಹುಮಟ್ಟಿಗೆ ಒಂದೇ ಲ್ಯಾಪ್‌ಟಾಪಿನ ಒಂದೇ ಡಿಸ್ಕಿನಲ್ಲಿ ಇರುತ್ತದೆ. ಮುದ್ರಿತ ಪುಸ್ತಕ ಕಳೆದರೆ ಬೇರೊಂದು ಗ್ರಂಥಾಲಯದಲ್ಲಿ ದೊರೆತೀತು. ತೀರಿಹೋದ ಗಾಯಕನೊಬ್ಬನ ಹಾಡಿನ ಮುದ್ರಿಕೆ ಕಳೆದರೆ ಮತ್ತೆ ದೊರೆಯದು. ಆದಕಾರಣ ಬ್ಯಾಕಪ್ ತಂತ್ರಾಂಶವೆಂಬುದು ಏನನ್ನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಈ ವಿಷಯ ವಿಶ್ವವಿದ್ಯಾಲಯಗಳಿಗೆ ಎಷ್ಟು ಹತ್ತಿರದ್ದೆಂಬುದಕ್ಕೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಪ್ರಸಂಗವೇ ಸಾಕು. 2021ರ ಡಿಸೆಂಬರ್ 14ರಿಂದ 16ರ ವರೆಗೆ ಅಲ್ಲಿಯ ಸೂಪರ್‌ಕಂಪ್ಯೂಟರಿನ ಸಂಗ್ರಹದಿಂದ ಸುಮಾರು 77 ಟೆರಾಬೈಟುಗಳಷ್ಟು, ಎಂದರೆ ಹೆಚ್ಚು ಕಡಮೆ 3 ಕೋಟಿ 40 ಲಕ್ಷ ಕಡತಗಳು ಅಳಿಸಿಹೋದುವು. ಹದಿನಾಲ್ಕು ಸಂಶೋಧನ ತಂಡಗಳಿಗೆ ಹಾನಿ ತಟ್ಟಿತು. ಅವುಗಳಲ್ಲಿ ನಾಲ್ಕು ತಂಡಗಳ ಸಾಮಗ್ರಿಯನ್ನು ಬ್ಯಾಕಪ್ಪಿನಿಂದ ಮರಳಿ ಪಡೆಯುವುದು ಸಾಧ್ಯವಾಗಲಿಲ್ಲ. ವಿಪರ್ಯಾಸವೆಂದರೆ ಅಳಿಸಿದ್ದು ಬ್ಯಾಕಪ್ಪಿನ ಆದೇಶಪಟ್ಟಿಯೇ. ಹತ್ತು ದಿನಗಳಿಗಿಂತ ಹಳೆಯದಾದ ದಾಖಲೆ ಕಡತಗಳನ್ನು ತೆಗೆದುಹಾಕುವ ಭಾಗವೊಂದು ಅದರಲ್ಲಿತ್ತು. ಹಳೆಯ ಆದೇಶಪಟ್ಟಿ ನಡೆಯುತ್ತಿರುವಾಗಲೇ ಅದರ ಸ್ಥಾನದಲ್ಲಿ ಪರಿಷ್ಕೃತವಾದ ಹೊಸತನ್ನು ಇರಿಸಿದರು. ಯಂತ್ರವು ಇಂಥ ಪಟ್ಟಿಯನ್ನು ಒಮ್ಮೆಗೇ ಓದಿ ಮುಗಿಸದೆ ನಡೆಯುತ್ತ ನಡೆಯುತ್ತ ಓದುವುದರಿಂದ, ಅರ್ಧ ಹಳೆಯದು ಅರ್ಧ ಹೊಸದಾದ ಪಾಠವೊಂದು ಹುಟ್ಟಿತು. ಯಾವ ಕೋಶದಲ್ಲಿ ಅಳಿಸಬೇಕೆಂದು ಸೂಚಿಸುವ ಹೆಸರಿಗೆ ಅರ್ಥವೇ ಇಲ್ಲದಂತಾಗಿ, ಸಂಶೋಧಕರ ಕೋಶವೇ ಬಲಿಯಾಯಿತು. ಯಂತ್ರವನ್ನು ಒದಗಿಸಿದ್ದ ಸಂಸ್ಥೆ ಹೊಣೆಯನ್ನು ಪೂರ್ಣವಾಗಿ ಒಪ್ಪಿಕೊಂಡಿತು. ಒಪ್ಪಿಗೆಯಿಂದ ಕಡತಗಳೇನೋ ಮರಳಲಿಲ್ಲ.

ಬ್ಯಾಕಪ್ಪಿಗೂ ಅದರಂತೆಯೇ ತೋರುವ ಬೇರೊಂದು ಕ್ರಿಯೆಗೂ ಇರುವ ಭೇದವನ್ನು ಮೊದಲು ಗಮನಿಸಬೇಕು. ಎರಡು ಕಡೆಯ ಫೋಲ್ಡರುಗಳನ್ನು ಸದಾ ಒಂದೇ ಸಮನಾಗಿ ಇಡುವುದಕ್ಕೆ ಸಿಂಕ್ ಎಂದು ಹೆಸರು. ಗೂಗಲ್ ಡ್ರೈವ್ ಮೊದಲಾದವು ಲ್ಯಾಪ್‌ಟಾಪಿನ ಕಡತಗಳನ್ನು ಈ ಬಗೆಯಲ್ಲಿ ನೋಡಿಕೊಳ್ಳುತ್ತವೆ. ಮೂಲದಲ್ಲಿ ಒಂದು ಅಧ್ಯಾಯ ಕೈತಪ್ಪಿ ಅಳಿದರೆ ಪ್ರತಿಯಲ್ಲಿಯೂ ಕೆಲವೇ ಕ್ಷಣಗಳಲ್ಲಿ ಅಳಿಯುತ್ತದೆ. ಮೂಲ ಕೆಟ್ಟರೆ ಪ್ರತಿಯೂ ಕೆಡುತ್ತದೆ. ಲಿಪಿಕಾರನು ಮಾತೃಕೆಯ ದೋಷವನ್ನೂ ಶ್ರದ್ಧೆಯಿಂದ ನಕಲುಮಾಡುವಂತೆಯೇ ಇದು. ಇಂಥ ಸೇವೆಗಳಲ್ಲಿ ಕಸದ ಬುಟ್ಟಿ, ಹಳೆಯ ಆವೃತ್ತಿ ಮುಂತಾದ ಸೌಕರ್ಯಗಳಿದ್ದರೂ ಅವಕ್ಕೆ ಕಾಲಮಿತಿಯುಂಟು. ಬ್ಯಾಕಪ್ಪಿನ ಲಕ್ಷಣವಾದರೋ ಗತಕಾಲದ ಸ್ಥಿತಿಗಳನ್ನು ಉಳಿಸಿಕೊಳ್ಳುವುದು: ನಿನ್ನೆಯ ಕರಡು, ಕಳೆದ ವಾರದ ಕರಡು, ಮೂರು ತಿಂಗಳ ಹಿಂದಿನ ಕರಡು ಪ್ರತ್ಯೇಕವಾಗಿ ದೊರೆಯಬೇಕು. ಕೆಡಕು ಆದ ದಿನವೇ ಅದು ನಮ್ಮ ಕಣ್ಣಿಗೆ ಬೀಳುವುದು ಅಪರೂಪವಾದ್ದರಿಂದ ಈ ಲಕ್ಷಣವೇ ಮುಖ್ಯ.

ಪ್ರತಿದಿನವೂ ಎಲ್ಲವನ್ನೂ ನಕಲುಮಾಡುವುದು ಸರಳವಾದರೂ ದುಬಾರಿ. ಹಾಗಾಗಿ ಮೂರು ಕ್ರಮಗಳು ರೂಢಿಗೆ ಬಂದಿವೆ: ಸಮಗ್ರ, ಏರಿಕೆಯ ಕ್ರಮ, ವ್ಯತ್ಯಾಸದ ಕ್ರಮ. ಒಂದು ವಿಭಾಗದ ಸಾಮಗ್ರಿ 40 ಗಿಗಾಬೈಟು, ದಿನಕ್ಕೆ ಹೊಸದಾಗಿ ಸೇರುವುದು 200 ಮೆಗಾಬೈಟು ಎಂದು ಭಾವಿಸೋಣ. ಭಾನುವಾರ ಸಮಗ್ರ ಪ್ರತಿಯನ್ನು ತೆಗೆದು, ಉಳಿದ ಆರು ದಿನಗಳಲ್ಲಿ ಹಿಂದಿನ ದಿನದಿಂದೀಚೆಗೆ ಸೇರಿದ್ದನ್ನು ಮಾತ್ರ ತೆಗೆದರೆ ಅದು ಏರಿಕೆಯ ಕ್ರಮ. ಆರು ದಿನಗಳಿಗೆ ಬೇಕಾಗುವ ಸ್ಥಳ 1.2 ಗಿಗಾಬೈಟು. ಪ್ರತಿದಿನವೂ ಭಾನುವಾರದಿಂದೀಚೆಗಿನದೆಲ್ಲವನ್ನೂ ತೆಗೆದರೆ ಅದು ವ್ಯತ್ಯಾಸದ ಕ್ರಮ, ಸ್ಥಳ 4.2 ಗಿಗಾಬೈಟಿಗೆ ಏರುತ್ತದೆ. ಆದರೆ ಶನಿವಾರದ ಸ್ಥಿತಿಯನ್ನು ಮರಳಿ ಕಟ್ಟಲು ಮೊದಲನೆಯದರಲ್ಲಿ ಏಳು ತುಂಡುಗಳೂ ನಿರ್ದೋಷವಾಗಿರಬೇಕು; ಎರಡನೆಯದರಲ್ಲಿ ಎರಡೇ ಸಾಕು. ಅಗ್ಗವಾದ ಸರಪಳಿಗೆ ಕೊಂಡಿಗಳು ಹೆಚ್ಚು.

ಈಚಿನ ತಂತ್ರಾಂಶಗಳು ಈ ಇಕ್ಕಟ್ಟನ್ನು ಬೇರೊಂದು ಮಾರ್ಗದಿಂದ ಪರಿಹರಿಸುತ್ತವೆ. ಈ ಭಾಗವೇ ನನ್ನ ಮಟ್ಟಿಗೆ ಅತ್ಯಂತ ಸ್ವಾರಸ್ಯವಾದುದು. ರೆಸ್ಟಿಕ್ ಎಂಬ ಉಚಿತ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ದೊಡ್ಡ ಕಡತವನ್ನು ಸರಾಸರಿ ಒಂದು ಮೆಗಾಬೈಟಿನ ಆಸುಪಾಸಿನ ತುಣುಕುಗಳಾಗಿ ಕತ್ತರಿಸುತ್ತದೆ. ಕತ್ತರಿಸುವ ಸ್ಥಾನವು ಅಳತೆಯಿಂದ ಗೊತ್ತಾಗುವುದಿಲ್ಲ, ಒಳಗಿನ ಸಾಮಗ್ರಿಯಿಂದಲೇ ಗೊತ್ತಾಗುತ್ತದೆ. ಅಳತೆಯಿಂದ ಕತ್ತರಿಸಿದ್ದರೆ, ಮೊದಲ ಪುಟದಲ್ಲಿ ಒಂದು ಅಕ್ಷರ ಸೇರಿದಾಗ ಮುಂದಿನ ತುಣುಕುಗಳೆಲ್ಲ ಒಂದೊಂದು ಸ್ಥಾನ ಜರುಗಿ ಹೊಸವೇ ಆಗಿಬಿಡುತ್ತಿದ್ದುವು. ಸಾಮಗ್ರಿಯನ್ನು ಅನುಸರಿಸಿ ಕತ್ತರಿಸುವುದರಿಂದ ಬದಲಾದ ತುಣುಕು ಒಂದೆರಡೇ. ಪ್ರತಿಯೊಂದು ತುಣುಕಿಗೂ ಅದರ ಸಾಮಗ್ರಿಯಿಂದ ಲೆಕ್ಕಹಾಕಿದ 256 ಬಿಟ್ಟುಗಳ ಮುದ್ರೆಯೊಂದು ಹೆಸರಾಗುತ್ತದೆ. ಅದೇ ಮುದ್ರೆಯ ತುಣುಕು ಸಂಗ್ರಹದಲ್ಲಿ ಮೊದಲೇ ಇದ್ದರೆ ಮತ್ತೆ ಇಡಬೇಕಾಗಿಲ್ಲ. ಹೀಗೆ ಪ್ರತಿದಿನದ ಬ್ಯಾಕಪ್ಪೂ ನೋಟಕ್ಕೆ ಸಮಗ್ರ, ವೆಚ್ಚದಲ್ಲಿ ಏರಿಕೆಯಷ್ಟೇ ಅಲ್ಪ. ಆದರೆ ಇಲ್ಲಿ ಒಂದು ಬೆಲೆಯುಂಟು: ಹಲವು ದಿನಗಳ ಸ್ಥಿತಿಗಳು ಒಂದೇ ತುಣುಕನ್ನು ಆಶ್ರಯಿಸಿರುವುದರಿಂದ ಆ ತುಣುಕು ಕೆಟ್ಟರೆ ಆ ದಿನಗಳೆಲ್ಲದರಲ್ಲಿಯೂ ಆ ಕಡತ ಕೆಡುತ್ತದೆ. ಆದಕಾರಣ ಸಂಗ್ರಹವನ್ನು ಆಗಾಗ ಪೂರ್ಣವಾಗಿ ಓದಿಸಿ ಮುದ್ರೆಗಳನ್ನು ತಾಳೆನೋಡುವುದು ಅಗತ್ಯ.

ರೆಸ್ಟಿಕ್ ತನ್ನ ಸಂಗ್ರಹವನ್ನು ಗುಪ್ತಲಿಪಿಯಲ್ಲಿ ಇಡುತ್ತದೆ. ಪಾಸ್‌ವರ್ಡ್ ಮರೆತರೆ ಅದನ್ನು ಬಿಡಿಸಲು ಯಾರಿಂದಲೂ ಆಗದು. ಅಧ್ಯಾಪಕರೊಬ್ಬರು ನಿವೃತ್ತರಾಗುವಾಗ ವಿಭಾಗದ ಬೀಗದಕೈಯನ್ನು ಒಪ್ಪಿಸುತ್ತಾರಷ್ಟೆ. ಇದನ್ನೂ ಹಾಗೆಯೇ ಬರೆದು ಲಕೋಟೆಯಲ್ಲಿ ಒಪ್ಪಿಸುವ ಪದ್ಧತಿ ಬೇಕು.

ಪ್ರತಿಗಳು ಎಲ್ಲಿರಬೇಕೆಂಬುದಕ್ಕೆ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ ಸೂತ್ರ ಪ್ರಸಿದ್ಧವಾಗಿದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ. ಲ್ಯಾಪ್‌ಟಾಪು ಮತ್ತು ಹಾರ್ಡ್ ಡಿಸ್ಕುಗಳೆರಡನ್ನೂ ಒಂದೇ ಚೀಲದಲ್ಲಿ ಒಯ್ಯುವವರು ಮೂರನೆಯ ಅಂಶವನ್ನು ಮರೆತಿರುತ್ತಾರೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈಯಂಥ ಸುಲಿಗೆಯ ತಂತ್ರಾಂಶವು ಯಂತ್ರಕ್ಕೆ ಜೋಡಿಸಿರುವ ಡಿಸ್ಕುಗಳ ಕಡತಗಳನ್ನೂ ಬಿಡದೆ ಬೀಗಹಾಕುವುದರಿಂದ, ಒಂದು ಪ್ರತಿಯಾದರೂ ಬಳಕೆಯಿಲ್ಲದಾಗ ಯಂತ್ರದಿಂದ ಕಳಚಿರಬೇಕು.

ಬ್ಯಾಕಪ್ ನಡೆಯುತ್ತಿದೆಯೆಂಬ ನಂಬಿಕೆಗೂ ಅದು ಇದೆಯೆಂಬುದಕ್ಕೂ ಅಂತರವುಂಟು. ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಎಂಜಿನಿಯರೊಬ್ಬರು ಬೇರೆ ಯಂತ್ರವೆಂದು ತಿಳಿದು ಮುಖ್ಯ ಯಂತ್ರದ ದತ್ತಾಂಶವನ್ನೇ ಅಳಿಸಿದರು. ನಿಲ್ಲಿಸುವ ಹೊತ್ತಿಗೆ ಸುಮಾರು 300 ಗಿಗಾಬೈಟಿನಲ್ಲಿ 4.5 ಗಿಗಾಬೈಟು ಉಳಿದಿತ್ತು. ನಿತ್ಯದ ಬ್ಯಾಕಪ್ಪನ್ನು ಹುಡುಕಿದಾಗ ಅದರ ಕೋಶ ಬರಿದಾಗಿತ್ತು. ತಂತ್ರಾಂಶದ ಆವೃತ್ತಿ ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಇ-ಮೇಲುಗಳೂ ತಿರಸ್ಕೃತವಾಗಿ ಯಾರ ಕೈಯನ್ನೂ ಸೇರುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೆ ಕಾರಣಕ್ಕಾಗಿ ತೆಗೆದಿದ್ದ ಪ್ರತಿಯೊಂದು ಅವರ ಮಾನವನ್ನು ಕಾಯಿತು. ಪರೀಕ್ಷೆಯ ವಿಧಾನ ಕಷ್ಟದ್ದೇನಲ್ಲ: ಅಧ್ಯಯನ ವರ್ಷದಲ್ಲಿ ಎರಡು ಮೂರು ಸಲ, ಯಾವುದಾದರೂ ಹಳೆಯ ದಿನಾಂಕದ ಒಂದು ಫೋಲ್ಡರನ್ನು ಬೇರೊಂದು ಯಂತ್ರದ ಮೇಲೆ ಮರಳಿ ತೆಗೆದು, ಕಡತಗಳನ್ನು ತೆರೆದು ಓದುವುದು. ಓದುವುದು ಎಂಬ ಮಾತಿಗೆ ಇಲ್ಲಿ ಒತ್ತು.

ಏಕೆಂದರೆ ಕನ್ನಡದ ಕಡತಗಳಿಗೆ ತಮ್ಮವೇ ಆದ ತೊಡಕುಗಳಿವೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಲಿನಕ್ಸಿನ ರೂಢಿಯ ಬರೆಹದಲ್ಲಿ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ‘ಕ್ಷೇತ್ರಕಾರ್ಯ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಹನ್ನೆರಡು ಸಂಕೇತ, 36 ಬೈಟು. ಲಿನಕ್ಸಿನ ಸಾಮಾನ್ಯ ಡಿಸ್ಕಿನಲ್ಲಿ ಕಡತದ ಹೆಸರಿಗೆ 255 ಬೈಟುಗಳ ಮಿತಿಯಿರುವುದರಿಂದ 85 ಕನ್ನಡ ಸಂಕೇತಗಳಿಗಿಂತ ಹೆಚ್ಚು ಹಿಡಿಸವು. ವಿಂಡೋಸಿನಲ್ಲಿ 255 ಸಂಕೇತಗಳಿಗೂ ಅವಕಾಶವುಂಟು. ಹೀಗಾಗಿ ಅಲ್ಲಿ ಹಾಡಿನ ಮೊದಲ ಸಾಲು, ಗಾಯಕಿಯ ಹೆಸರು, ಊರು, ದಿನಾಂಕಗಳನ್ನೆಲ್ಲ ಸೇರಿಸಿ ಇಟ್ಟ ಹೆಸರಿನ ಮುದ್ರಿಕೆಯನ್ನು ಲಿನಕ್ಸಿನ ಡಿಸ್ಕಿಗೆ ನೇರವಾಗಿ ನಕಲುಮಾಡುವಾಗ, ಆ ಒಂದು ಕಡತ ಮಾತ್ರ ಹಿಂದೆ ಉಳಿಯುತ್ತದೆ. ವರದಿಯ ಸಾವಿರ ಸಾಲುಗಳ ನಡುವೆ ಒಂದು ಸಾಲು ಅದನ್ನು ಹೇಳುತ್ತದೆ. ಇನ್ನೊಂದು ಬಗೆ: ‘ಕೋಶ’ದಲ್ಲಿನ ಓತ್ವ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. 2017ಕ್ಕೆ ಹಿಂದಿನ ಮ್ಯಾಕ್ ಡಿಸ್ಕುಗಳು ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದುವು. ಅಂಥ ಡಿಸ್ಕಿನ ಪ್ರತಿಯನ್ನು ಲಿನಕ್ಸಿಗೆ ತಂದಾಗ, ನೋಡಲು ಒಂದೇ ಹೆಸರಿನ ಎರಡು ಫೋಲ್ಡರುಗಳು ಪಕ್ಕಪಕ್ಕದಲ್ಲಿ ಕಾಣಿಸಿಕೊಂಡು, ಹೊಸ ಬರೆಹಗಳು ಒಂದರಲ್ಲಿಯೂ ಹಳೆಯವು ಇನ್ನೊಂದರಲ್ಲಿಯೂ ಹಂಚಿಹೋಗುವುದುಂಟು.

ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಟೈಪುಮಾಡಿದ ಪ್ರಬಂಧಗಳು ನಮ್ಮ ವಿಭಾಗಗಳಲ್ಲಿ ಇನ್ನೂ ಹೇರಳವಾಗಿವೆ. ಅವುಗಳಲ್ಲಿ ಇರುವುದು ರೋಮನ್ ಮುಂತಾದ ಸಂಕೇತಗಳು; ಫಾಂಟು ಅವಕ್ಕೆ ಕನ್ನಡದ ರೂಪವನ್ನು ತೊಡಿಸುತ್ತದೆ. ಬ್ಯಾಕಪ್ ತಂತ್ರಾಂಶವು ಅಂಥ ಕಡತವನ್ನು ಒಂದು ಬಿಟ್ಟೂ ತಪ್ಪದಂತೆ ಕಾಪಾಡಿ ಮರಳಿಸಿದರೂ, ಫಾಂಟಿಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಗುರುತುಗಳೇ ಕಾಣುತ್ತವೆ. ಆದ್ದರಿಂದ ಆ ಫೋಲ್ಡರಿನಲ್ಲಿಯೇ ಫಾಂಟಿನ ಕಡತವನ್ನೂ, ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ ಒಮ್ಮೆ ಕರಡು ತಿದ್ದಿದ ಪ್ರತಿಯನ್ನೂ, ಮೂಲದ ಪಿಡಿಎಫ್ ರೂಪವನ್ನೂ ಜೊತೆಗೆ ಇರಿಸಬೇಕು. ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪುವುದುಂಟಾದ ಕಾರಣ ಹಳೆಯ ಕಡತವನ್ನು ತೆಗೆದುಹಾಕಲಾಗದು.