ಸೂಟ್‌ಕೇಸಿನ ಕೆಂಪು ವಜ್ರವೂ ಬಾಲ್‌ಪೆನ್ನೂ

ಹೊಸ ಸೂಟ್‌ಕೇಸಿನ ನಂಬರ್ ಬೀಗದ ಪಕ್ಕ ಪುಟ್ಟದೊಂದು ಕೀಲಿರಂಧ್ರ, ಅದರ ಬಳಿ ಕೆಂಪು ವಜ್ರಾಕೃತಿಯ ಗುರುತು ಇರುವುದನ್ನು ನೋಡಿರುತ್ತೀರಿ. ಕೀಲಿ ಎಲ್ಲಿ ಎಂದು ಒಳಗಿನ ಖಾನೆಗಳನ್ನೆಲ್ಲ ತಡಕಾಡಿ ಪ್ರಯೋಜನವಿಲ್ಲ. ಅದನ್ನು ಕೊಂಡವರಿಗೆ ಕೊಡುವುದೇ ಇಲ್ಲ. ಅದು ಇರುವುದು ವಿಮಾನ ನಿಲ್ದಾಣದ ತಪಾಸಣಾ ಸಿಬ್ಬಂದಿಯ ಕೈಯಲ್ಲಿ.

2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದಲ್ಲಿ ಟಿಎಸ್‌ಎ ಎಂಬ ಸಾರಿಗೆ ಭದ್ರತಾ ಸಂಸ್ಥೆ ಹುಟ್ಟಿತು. ಚೆಕ್-ಇನ್ ಮಾಡಿದ ಪ್ರತಿಯೊಂದು ಚೀಲವನ್ನೂ ಸ್ಫೋಟಕಕ್ಕಾಗಿ ಪರೀಕ್ಷಿಸಬೇಕೆಂಬ ಕಾನೂನೂ ಬಂತು. ಯಂತ್ರಕ್ಕೆ ಅನುಮಾನ ಬಂದರೆ ಚೀಲ ಬಿಚ್ಚಲೇಬೇಕು. ನಮ್ಮಲ್ಲಾದರೆ ಪ್ರಯಾಣಿಕರನ್ನೇ ಕರೆಸಿ ತೆಗೆಸುವುದು ರೂಢಿ. ಅಲ್ಲಿ ಯಾರನ್ನೂ ಕರೆಯುವುದಿಲ್ಲ. ಅವರೇ ಬಿಚ್ಚಿ ನೋಡಿ, ತಪಾಸಣೆ ಆಯಿತೆಂಬ ಚೀಟಿ ಇಟ್ಟು ಮುಚ್ಚುತ್ತಾರೆ. ಬೀಗ ಅಡ್ಡ ಬಂದರೆ ಕತ್ತರಿಸುತ್ತಾರೆ. ಈ ತಾಪತ್ರಯಕ್ಕೆ ಉಪಾಯವಾಗಿ ಟ್ರಾವೆಲ್ ಸೆಂಟ್ರಿ ಎಂಬ ಕಂಪನಿ 2003ರಲ್ಲಿ ಇಂಥ ಬೀಗವನ್ನು ಚಾಲ್ತಿಗೆ ತಂದಿತು. ಕೆಂಪು ವಜ್ರ ಅವರ ಗುರುತು.

ಬೀಗದೊಳಗೆ ಎರಡು ದಾರಿಗಳಿವೆ. ಮೂರು ಚಕ್ರಗಳು ನಮ್ಮ ದಾರಿ. ಪ್ರತಿ ಚಕ್ರಕ್ಕೂ ಒಂದು ಕಚ್ಚು ಇರುತ್ತದೆ. ಮೂರೂ ಕಚ್ಚುಗಳು ಸಾಲಿಗೆ ಬಂದಾಗ ಮಾತ್ರ ಕೊಂಡಿ ಸರಿಯುತ್ತದೆ. ಕೀಲಿಯಾದರೋ ಚಕ್ರಗಳ ಗೊಡವೆಗೇ ಹೋಗದೆ ನೇರವಾಗಿ ಕೊಂಡಿಯನ್ನೇ ಬಿಡಿಸುತ್ತದೆ. ಸಾವಿರ ಸಂಖ್ಯೆಗಳಿವೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಒಂದಕ್ಕೆ ಎರಡು ಸೆಕೆಂಡಿನಂತೆ ಹಿಡಿದರೆ ಎಲ್ಲವನ್ನೂ ತಿರುಗಿಸಿ ನೋಡಲು ಅರ್ಧ ಗಂಟೆ ಚಿಲ್ಲರೆ ಸಾಕು.

ಇನ್ನು ಆ ಕೀಲಿಗಳ ಕಥೆ. ಲಕ್ಷಾಂತರ ಸೂಟ್‌ಕೇಸುಗಳಿಗೆ ಇದ್ದದ್ದು ಏಳೇ ಏಳು ಮಾದರಿಯ ಕೀಲಿಗಳು. ಯಾವುದು ಬೇಕೆಂದು ರಂಧ್ರದ ಬಳಿಯೇ ಟಿಎಸ್‌ಎ002, ಟಿಎಸ್‌ಎ007 ಎಂದು ಕೊರೆದಿರುತ್ತದೆ. 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಲಗೇಜು ತಪಾಸಣೆಯ ಬಗ್ಗೆ ಬರೆದಾಗ ಈ ಕೀಲಿಗೊಂಚಲಿನ ಫೋಟೋ ಹಾಕಿತು. ಕೀಲಿಯ ಗುಟ್ಟೆಲ್ಲ ಅದರ ಅಂಚಿನ ಏರುತಗ್ಗಿನಲ್ಲಿರುವುದರಿಂದ, ಅದನ್ನು ಅಳೆಯಲು ಒಂದು ಸ್ಪಷ್ಟ ಚಿತ್ರವೇ ಸಾಕಾಯಿತು. 2015ರ ಹೊತ್ತಿಗೆ ಕಂಪ್ಯೂಟರ್ ನಕ್ಷೆಗಳು ಇಂಟರ್‌ನೆಟ್ಟಿಗೆ ಬಂದವು. ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ಕೀಲಿ ಅಚ್ಚೊತ್ತಿ ಬೀಗ ತೆಗೆದು ತೋರಿಸಿದವರೂ ಬಂದರು. ವಿಮಾನದ ಭದ್ರತೆಗೆ ಇದರಿಂದೇನೂ ಧಕ್ಕೆಯಿಲ್ಲ ಎಂದು ಟಿಎಸ್‌ಎ ಹೇಳಿತು. ನಿಜವೇ. ಆದರೆ ಚಿಂತೆ ಇದ್ದದ್ದು ವಿಮಾನದ ಬಗ್ಗೆ ಅಲ್ಲ, ಒಳಗಿನ ರೇಷ್ಮೆ ಸೀರೆಯ ಬಗ್ಗೆ.

ಇಷ್ಟೆಲ್ಲ ಹೇಳಿದ ಮೇಲೂ, ಕಳ್ಳ ಬೀಗದ ತಂಟೆಗೆ ಹೋಗುವುದೇ ಅಪರೂಪ ಎನ್ನಬೇಕು. ಸೂಟ್‌ಕೇಸಿನ ಜಿಪ್ಪನ್ನು ಹತ್ತಿರದಿಂದ ನೋಡಿ. ಹೆಚ್ಚಿನವುಗಳಲ್ಲಿ ಲೋಹದ ಹಲ್ಲುಗಳಿರುವುದಿಲ್ಲ. ಎರಡು ನೈಲಾನ್ ಸುರುಳಿಗಳು, ಎರಡು ಬಾಚಣಿಗೆಗಳನ್ನು ಒಂದರೊಳಗೊಂದು ತೂರಿಸಿದ ಹಾಗೆ, ಹೆಣೆದುಕೊಂಡಿರುತ್ತವೆ. ಅಕ್ಕಪಕ್ಕಕ್ಕೆ ಎಷ್ಟೇ ಜಗ್ಗಿದರೂ ಬಿಡವು. ಮೇಲಿನಿಂದ ಬಾಲ್‌ಪೆನ್ನಿನ ಮೊನೆ ಒತ್ತಿದರೆ ಮಾತ್ರ ಪಟ್ಟನೆ ಬಾಯಿ ಬಿಡುತ್ತವೆ. ಅಲ್ಲಿಂದ ಮುಂದೆ ಪೆನ್ನು ಎಳೆದಷ್ಟೂ ದಾರಿ.

ಕಿಲಾಡಿತನ ಇರುವುದು ಮುಚ್ಚುವುದರಲ್ಲಿ. ಎರಡೂ ಸ್ಲೈಡರುಗಳನ್ನು ಒಟ್ಟಿಗೆ ಸೇರಿಸಿ ಬೀಗ ಹಾಕಿದ್ದರೂ ಆ ಜೋಡಿ ಜಿಪ್ಪಿನುದ್ದಕ್ಕೂ ಓಡಾಡಬಲ್ಲದು. ಅದನ್ನು ಬಿಟ್ಟುಕೊಂಡ ಭಾಗದ ಮೇಲೆ ಒಮ್ಮೆ ಹಾಯಿಸಿದರೆ ಸುರುಳಿಗಳು ಮತ್ತೆ ಹೆಣೆದುಕೊಳ್ಳುತ್ತವೆ. ಬೀಗ ಹಾಕಿದ ಹಾಗೇ ಇರುತ್ತದೆ, ಒಂದು ಗೀರೂ ಇರುವುದಿಲ್ಲ. ಏನೋ ಕಾಣೆಯಾಗಿದೆ ಎಂಬುದು ಮನೆ ಸೇರಿ ವಾರವಾದ ಮೇಲೆ ಹೊಳೆಯುತ್ತದೆ.

ಹಾಗಾಗಿ ಸ್ಲೈಡರನ್ನು ಅಲುಗದಂತೆ ಕಟ್ಟಿಹಾಕುವುದೇ, ನನ್ನ ಲೆಕ್ಕದಲ್ಲಿ, ಬೀಗದ ನಿಜವಾದ ಕೆಲಸ. ಜಿಪ್ಪಿನ ತುದಿಗಳು ಸೂಟ್‌ಕೇಸಿನ ಮೈಯಲ್ಲೇ ಕೂರಿಸಿದ ಬೀಗದೊಳಗೆ ಸಿಕ್ಕಿಕೊಂಡಿದ್ದರೆ ಪೆನ್ನಿನಿಂದ ತೆರೆಯಬಹುದು, ಆದರೆ ಮುಚ್ಚಲು ಸ್ಲೈಡರ್ ಓಡುವುದಿಲ್ಲ. ಸೀಳು ಎದ್ದು ಕಾಣುತ್ತದೆ. ಬಿಡಿ ಬೀಗವಾದರೆ ಅದನ್ನು ಪಕ್ಕದ ಹಿಡಿಕೆಗೂ ಸೇರಿಸಿ ಬಿಗಿಯುವುದು ಒಳ್ಳೆಯದು. ಮಾಸ್ಟರ್ ಕೀಲಿ ಹಾಕಿದ್ದು ಗೊತ್ತಾಗುವಂತೆ ಕೆಂಪು ಗುರುತು ಹೊರಚಾಚುವ ಬೀಗಗಳೂ ಮಾರುಕಟ್ಟೆಯಲ್ಲಿವೆ; ಮಾಲೀಕ ತನ್ನ ನಂಬರಿನಿಂದ ತೆಗೆಯುವವರೆಗೆ ಆ ಗುರುತು ಹೋಗದು.

ಬೇಗ ಗೊತ್ತಾಗುವುದು ಏಕೆ ಮುಖ್ಯವೆಂದರೆ, ಭಾರತವೂ ಒಪ್ಪಿರುವ ಮಾಂಟ್ರಿಯಲ್ ಒಪ್ಪಂದದಂತೆ, ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಚೀಲಕ್ಕೆ ಹಾನಿಯಾದರೆ ಅದು ಕೈಗೆ ಬಂದ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ಬೆಲ್ಟಿನ ಬಳಿಯೇ ಫೋಟೋ ತೆಗೆದು, ಅಲ್ಲೇ ಕೌಂಟರಿನಲ್ಲಿ ಬರೆಸಿದರೆ ವಾದಕ್ಕೆ ಬಲ. ಬೆಂಗಳೂರಿನಿಂದ ಹೊರಟು ಅಮೆರಿಕದೊಳಗೆ ವಿಮಾನ ಬದಲಿಸುವವರು ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಚೀಲ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಜಿಪ್ಪಿನ ಸುತ್ತ ಬೆರಳಾಡಿಸಿ ನೋಡಲು ಅದೇ ಸಮಯ. ಚಿನ್ನ, ನಗದು, ಲ್ಯಾಪ್‌ಟಾಪು ಕೈಚೀಲದಲ್ಲೇ ಇರಲಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಜಿಪ್ಪೇ ಇಲ್ಲದ, ಅಂಚಿಗೆ ಲೋಹದ ಚೌಕಟ್ಟಿದ್ದು ಚಿಲಕದಿಂದ ಮುಚ್ಚುವ ಪೆಟ್ಟಿಗೆಗಳೂ ಇವೆ. ಪೆನ್ನಿನ ಆಟ ಅಲ್ಲಿ ನಡೆಯದು. ಆದರೆ ತೂಕ ಹೆಚ್ಚು. 23 ಕಿಲೋ ಮಿತಿಯಲ್ಲಿ ಒಂದೆರಡು ಕಿಲೋವನ್ನು ಖಾಲಿ ಪೆಟ್ಟಿಗೆಯೇ ಹೆಚ್ಚಾಗಿ ನುಂಗುತ್ತದೆ. ಅಷ್ಟರಲ್ಲಿ ಮಗಳಿಗೆ ಚಟ್ನಿಪುಡಿ, ಹುಳಿಪುಡಿ ಎರಡೂ ಹಿಡಿಸುತ್ತವೆ ಎಂದು ಜಿಪ್ಪಿನದನ್ನೇ ಆರಿಸುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ.